ಪ್ಲೇಟ್‌ಲೆಟ್ ಇಳಿದಾಗ ಸ್ಟಿರಾಯ್ಡ್: ಒಬ್ಬರಿಗೆ ಬೇಕು, ಇನ್ನೊಬ್ಬರಿಗೆ ಬೇಡ, ಯಾಕೆ?

ಮಳೆಗಾಲ ಶುರುವಾದರೆ ಸಾಕು, ಕಲಬುರಗಿ, ಬೀದರ್, ಯಾದಗಿರಿಯ ದವಾಖಾನೆಗಳಲ್ಲಿ ಜ್ವರಕ್ಕಿಂತ ಜಾಸ್ತಿ ಮಾತಾಗುವುದು ಪ್ಲೇಟ್‌ಲೆಟ್ ಬಗ್ಗೆ. ನಿನ್ನೆ ಎಷ್ಟಿತ್ತು, ಇವತ್ತು ಎಷ್ಟಾಯ್ತು ಎಂದು ಊರಿನಿಂದ ಫೋನ್ ಮೇಲೆ ಫೋನ್ ಬರುತ್ತವೆ. 2024ರಲ್ಲಿ ಡೆಂಗಿ ಹೆಚ್ಚಾಗಿ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿದ ಮೇಲಂತೂ ಈ ಭಯ ಇನ್ನೂ ಹೆಚ್ಚಿದೆ.

ಇದರ ನಡುವೆ 2025ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಡೆಂಗಿ, ಚಿಕುನ್‌ಗುನ್ಯದಂಥ ಸೊಳ್ಳೆ ರೋಗಗಳ ಚಿಕಿತ್ಸೆಗೆ ಹೊಸ ಮಾರ್ಗಸೂಚಿ ಹೊರಡಿಸಿತು. ಡೆಂಗಿ ರೋಗಿಗೆ ಸ್ಟಿರಾಯ್ಡ್, ಅಂದರೆ ರೋಗನಿರೋಧಕ ಶಕ್ತಿಯ ಅಬ್ಬರ ತಗ್ಗಿಸುವ ಔಷಧ, ಕೊಡುವುದು ಬೇಡ ಎಂದು ಅದರಲ್ಲಿದೆ. ರಕ್ತ ಹೋಗದೆ ಇದ್ದರೆ, ಸಂಖ್ಯೆ 50 ಸಾವಿರಕ್ಕಿಂತ ಕೆಳಗಿದೆ ಎಂಬ ಒಂದೇ ಕಾರಣಕ್ಕೆ ಪ್ಲೇಟ್‌ಲೆಟ್ ಚೀಲ ಏರಿಸುವುದೂ ಬೇಡ ಎಂದಿದೆ.

ಆದರೆ ಪ್ಲೇಟ್‌ಲೆಟ್ ಕಡಿಮೆಯಾಗಿದೆ ಎಂದು ವಾರಗಟ್ಟಲೆ ಸ್ಟಿರಾಯ್ಡ್ ಗುಳಿಗೆ ನುಂಗುತ್ತಿರುವವರೂ ಇದೇ ಊರುಗಳಲ್ಲಿದ್ದಾರೆ. ಅವರಿಗೂ ಅದನ್ನು ಬರೆದುಕೊಟ್ಟವರು ತಜ್ಞ ಡಾಕ್ಟರೇ. ಒಂದು ಮನೆಯಲ್ಲಿ ಕೊಟ್ಟ ಗುಳಿಗೆಯನ್ನೇ ಪಕ್ಕದ ಮನೆಯ ರೋಗಿಗೆ ಬೇಡ ಅಂದರೆ ಜನಕ್ಕೆ ಅನುಮಾನ ಬರುವುದು ಸಹಜ, ಅಲ್ವಾ? ಇಬ್ಬರು ಡಾಕ್ಟರಲ್ಲಿ ಒಬ್ಬರು ತಪ್ಪಿರಬೇಕು ಎಂದೇ ಅನ್ನಿಸುತ್ತದೆ. ಆದರೆ ಇಬ್ಬರೂ ಸರಿಯಾಗಿಯೇ ಇರಬಹುದು. ಪ್ಲೇಟ್‌ಲೆಟ್ ಇಳಿಯುವುದು ಒಂದು ಲಕ್ಷಣ ಮಾತ್ರ. ಔಷಧ ಯಾವುದು ಎಂಬುದು ಅದರ ಹಿಂದಿರುವ ಕಾಯಿಲೆಯ ಮೇಲೆ ನಿಂತಿದೆ.

ಯಾಕೆ ಇಳಿಯುತ್ತದೆ?

ಪ್ಲೇಟ್‌ಲೆಟ್ ಎಂದರೆ ರಕ್ತದಲ್ಲಿರುವ ಅತಿ ಚಿಕ್ಕ ಕಣ. ರಕ್ತನಾಳಕ್ಕೆ ಗಾಯವಾದಾಗ ಮೊದಲು ಓಡಿಬಂದು ಆ ಜಾಗ ಮುಚ್ಚುವುದು ಅದರ ಕೆಲಸ. ಎಲುಬಿನೊಳಗಿನ ಮಜ್ಜೆಯಲ್ಲಿ ಹುಟ್ಟಿ, 7ರಿಂದ 10 ದಿನ ರಕ್ತದಲ್ಲಿ ಓಡಾಡಿ, ಕೊನೆಗೆ ಗುಲ್ಮದಲ್ಲಿ (ಸ್ಪ್ಲೀನ್), ಲಿವರ್‌ನಲ್ಲಿ ಮುಗಿದುಹೋಗುತ್ತದೆ. ಆರೋಗ್ಯವಂತರಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ ಸುಮಾರು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರುತ್ತವೆ.

ಮನೆಯ ಹೌದಿನಲ್ಲಿ ನೀರು ಕಡಿಮೆಯಾದರೆ ಎರಡು ಕಾರಣ ಇರಬಹುದು. ನಳಕ್ಕೆ ನೀರು ಬಂದಿಲ್ಲ, ಇಲ್ಲವೇ ತಳ ಸೋರುತ್ತಿದೆ. ಸೋರುವ ಹೌದಿಗೆ ನಳ ರಿಪೇರಿ ಮಾಡಿದರೆ ಪ್ರಯೋಜನವಿಲ್ಲ. ಪ್ಲೇಟ್‌ಲೆಟ್ ವಿಷಯವೂ ಹೀಗೇ. ಬಿ12 ಕೊರತೆಯಲ್ಲಿ, ಮಜ್ಜೆಯ ಕಾಯಿಲೆಯಲ್ಲಿ, ರಕ್ತದ ಕ್ಯಾನ್ಸರ್‌ನಲ್ಲಿ ಉತ್ಪಾದನೆಯೇ ಕಡಿಮೆಯಾಗುತ್ತದೆ. ಲಿವರ್ ಕೆಟ್ಟು ಗುಲ್ಮ ಊದಿದರೆ ಪ್ಲೇಟ್‌ಲೆಟ್‌ಗಳು ಅದರೊಳಗೇ ಸಿಕ್ಕಿಕೊಳ್ಳುತ್ತವೆ. ಕೆಲವರಲ್ಲಿ ದೇಹವೇ ತನ್ನ ಪ್ಲೇಟ್‌ಲೆಟ್‌ಗಳನ್ನು ಶತ್ರು ಎಂದು ತಿಳಿದು ನಾಶ ಮಾಡುತ್ತದೆ. ಡೆಂಗಿ, ಮಲೇರಿಯಾ, ಇಲಿಜ್ವರದಂಥ ಸೋಂಕುಗಳಲ್ಲಿ ಎರಡು ಮೂರು ಕಾರಣ ಒಟ್ಟಿಗೆ ಸೇರಿರುತ್ತವೆ.

ಕೆಲವೊಮ್ಮೆ ಪ್ಲೇಟ್‌ಲೆಟ್ ಇಳಿದೇ ಇರುವುದಿಲ್ಲ! ರಕ್ತ ಹೆಪ್ಪುಗಟ್ಟದಿರಲಿ ಎಂದು ಲ್ಯಾಬಿನ ಟ್ಯೂಬ್‌ನಲ್ಲಿ ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ. ಕೆಲವರ ರಕ್ತ ಅದಕ್ಕೆ ತಾಗಿದರೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗುಂಪುಗಟ್ಟುತ್ತವೆ. ಯಂತ್ರಕ್ಕೆ ಆ ಗುಂಪು ಲೆಕ್ಕಕ್ಕೆ ಸಿಗುವುದಿಲ್ಲ. ರಿಪೋರ್ಟ್‌ನಲ್ಲಿ 30 ಸಾವಿರ ಎಂದು ಬರುತ್ತದೆ, ಮೈಯಲ್ಲಿ ಎರಡು ಲಕ್ಷ ಇರುತ್ತವೆ. ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಇಲ್ಲವೇ ಸಿಟ್ರೇಟ್ ಇರುವ ಬೇರೆ ಟ್ಯೂಬ್‌ನಲ್ಲಿ ಮತ್ತೆ ಪರೀಕ್ಷೆ ಮಾಡಿದರೆ ಸತ್ಯ ಗೊತ್ತಾಗುತ್ತದೆ. ಜ್ವರವಿಲ್ಲ, ರಕ್ತ ಹೋಗುತ್ತಿಲ್ಲ, ಮೈಮೇಲೆ ಒಂದು ಕಲೆಯೂ ಇಲ್ಲ, ಆದರೂ ಸಂಖ್ಯೆ ಮಾತ್ರ ತೀರಾ ಕಡಿಮೆ ಎಂದಾದರೆ ಔಷಧಕ್ಕಿಂತ ಮೊದಲು ಆಗಬೇಕಾದ್ದು ಈ ಪರೀಕ್ಷೆ.

ಸ್ಟಿರಾಯ್ಡ್ ಕೆಲಸ ಮಾಡುವ ಜಾಗ: ಐಟಿಪಿ

ದೇಹವೇ ತನ್ನ ಪ್ಲೇಟ್‌ಲೆಟ್ ನಾಶ ಮಾಡುವ ಕಾಯಿಲೆಗೆ ಇಮ್ಯೂನ್ ಥ್ರಾಂಬೋಸೈಟೋಪೀನಿಯಾ, ಚಿಕ್ಕದಾಗಿ ಐಟಿಪಿ ಎನ್ನುತ್ತಾರೆ. ಇದರಲ್ಲಿ ಜ್ವರ ಬರಲೇಬೇಕೆಂದಿಲ್ಲ. ಮನುಷ್ಯ ಓಡಾಡಿಕೊಂಡೇ ಇರುತ್ತಾನೆ. ಕಾಲಿನ ಮೀನಖಂಡದ ಮೇಲೆ ಸೂಜಿಮೊನೆಯಷ್ಟು ಚಿಕ್ಕ ಕೆಂಪು ಚುಕ್ಕೆ ಏಳುತ್ತವೆ, ಒತ್ತಿದರೆ ಮಾಯವಾಗುವುದಿಲ್ಲ. ಪೆಟ್ಟಾದ ನೆನಪಿಲ್ಲದಿದ್ದರೂ ನೀಲಿ ಕಲೆಗಳು ಕಾಣುತ್ತವೆ. ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಹೆಂಗಸರಿಗೆ ಮುಟ್ಟಿನ ರಕ್ತಸ್ರಾವ ದಿನಗಟ್ಟಲೆ ನಿಲ್ಲುವುದಿಲ್ಲ. ಕೆನ್ನೆಯ ಒಳಭಾಗದಲ್ಲಿ ರಕ್ತ ತುಂಬಿದ ಗುಳ್ಳೆ ಕಂಡರೆ ಅದು ತಡಮಾಡದೆ ದವಾಖಾನೆಗೆ ಹೋಗಬೇಕಾದ ಲಕ್ಷಣ.

ಈ ಕಾಯಿಲೆಗೆ ಕಾರಣ ರಕ್ತದಲ್ಲೇ ಇದೆ ಎಂದು ತೋರಿಸಿದ್ದು ಅಮೆರಿಕದ ಸೇಂಟ್ ಲೂಯಿಸ್‌ನ ವೈದ್ಯ ವಿಲಿಯಂ ಹ್ಯಾರಿಂಗ್ಟನ್. ಐಟಿಪಿ ರೋಗಿಯೊಬ್ಬರ ರಕ್ತವನ್ನು ಅವರು ತಮ್ಮ ಮೈಗೇ ಏರಿಸಿಕೊಂಡರು. ಕೆಲವೇ ಗಂಟೆಗಳಲ್ಲಿ ಅವರ ಪ್ಲೇಟ್‌ಲೆಟ್ ಪಾತಾಳಕ್ಕಿಳಿದವು. ಕೆಲವು ದಿನಗಳಲ್ಲಿ ತಾವಾಗಿಯೇ ಮೇಲೆ ಬಂದವು. 1951ರಲ್ಲಿ ಈ ಪ್ರಯೋಗದ ವರದಿ ಪ್ರಕಟವಾಯಿತು. ಪ್ಲೇಟ್‌ಲೆಟ್‌ಗೆ ಅಂಟಿಕೊಳ್ಳುವ ಪ್ರತಿಕಾಯಗಳೇ (ಆ್ಯಂಟಿಬಾಡಿ) ಈ ಕೆಲಸ ಮಾಡುತ್ತವೆ ಎಂಬುದು ಮುಂದೆ ಖಚಿತವಾಯಿತು. ಪ್ರತಿಕಾಯ ಅಂಟಿದ ಪ್ಲೇಟ್‌ಲೆಟ್ ಗುಲ್ಮಕ್ಕೆ ಬಂದಾಗ ಅಲ್ಲಿನ ಕಾವಲು ಕೋಶಗಳು ಅದನ್ನು ನುಂಗಿಬಿಡುತ್ತವೆ.

ಸ್ಟಿರಾಯ್ಡ್ ಇಲ್ಲೇ ಉಪಯೋಗಕ್ಕೆ ಬರುತ್ತದೆ. ನುಂಗುವ ಕೋಶಗಳ ಅಬ್ಬರ ತಗ್ಗಿಸುತ್ತದೆ, ಪ್ರತಿಕಾಯದ ಉತ್ಪಾದನೆಯನ್ನೂ ಕಡಿಮೆ ಮಾಡುತ್ತದೆ. ಹಾಗಾಗಿ ದೊಡ್ಡವರ ಐಟಿಪಿಗೆ ಮೊದಲ ಚಿಕಿತ್ಸೆ ಎಂದರೆ ಇವತ್ತಿಗೂ ಸ್ಟಿರಾಯ್ಡೇ. ಸಾಮಾನ್ಯವಾಗಿ ಎರಡು ದಾರಿ ಇವೆ. ಪ್ರೆಡ್ನಿಸೋಲೋನ್ ಗುಳಿಗೆಯನ್ನು ತೂಕಕ್ಕೆ ತಕ್ಕಂತೆ, ಹೆಚ್ಚಾಗಿ ಕಿಲೋಗೆ 1 ಮಿಲಿಗ್ರಾಂ ಲೆಕ್ಕದಲ್ಲಿ, ಕೆಲವು ವಾರ ಕೊಟ್ಟು ಇಳಿಸುತ್ತಾ ಬರುವುದು ಒಂದು. ಡೆಕ್ಸಾಮೆಥಸೋನ್ ಅನ್ನು ದಿನಕ್ಕೆ 40 ಮಿಲಿಗ್ರಾಂನಂತೆ ನಾಲ್ಕೇ ದಿನ ಕೊಡುವುದು ಇನ್ನೊಂದು. ಎರಡನೆಯದರಲ್ಲಿ ಸಂಖ್ಯೆ ಬೇಗ ಏರುತ್ತದೆ. ಆದರೆ ತಿಂಗಳುಗಳು ಕಳೆದ ಮೇಲೆ ನೋಡಿದರೆ ಎರಡಕ್ಕೂ ದೊಡ್ಡ ವ್ಯತ್ಯಾಸ ಉಳಿಯುವುದಿಲ್ಲ.

40 ಮಿಲಿಗ್ರಾಂ ಎಂದರೆ ಎಷ್ಟು? ನಮ್ಮ ಔಷಧದ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಡೆಕ್ಸಾ ಗುಳಿಗೆ ಅರ್ಧ ಮಿಲಿಗ್ರಾಂನದು. ಆ ಲೆಕ್ಕದಲ್ಲಿ ದಿನಕ್ಕೆ 80 ಗುಳಿಗೆ ಆಯ್ತು. ಅದಕ್ಕೇ ಡಾಕ್ಟರು ಹೆಚ್ಚು ಶಕ್ತಿಯ ಗುಳಿಗೆ ಬರೆದುಕೊಡುತ್ತಾರೆ. ಇದನ್ನು ಹೇಳುವುದಕ್ಕೆ ಕಾರಣ ಇದೆ. ಜ್ವರ ಬಂದಾಗ ಸಲೈನ್ ಜೊತೆ ಹಾಕುವ ಒಂದು ಚಿಕ್ಕ ಡೆಕ್ಸಾ ಇಂಜೆಕ್ಷನ್ನೂ ಐಟಿಪಿಯ ಚಿಕಿತ್ಸೆಯೂ ಹೆಸರಿನಲ್ಲಿ ಒಂದೇ. ಉದ್ದೇಶ, ಪ್ರಮಾಣ, ನಿಗಾ ಎಲ್ಲವೂ ಬೇರೆ.

ಐಟಿಪಿಯಲ್ಲೂ ಎಲ್ಲರಿಗೂ ಬೇಡ

ಅಮೆರಿಕದ ರಕ್ತರೋಗ ತಜ್ಞರ ಸಂಘ 2019ರಲ್ಲಿ ಕೊಟ್ಟ ಮಾರ್ಗಸೂಚಿಯನ್ನು ಇಲ್ಲಿನ ಡಾಕ್ಟರರೂ ನೋಡುತ್ತಾರೆ. ಹೊಸದಾಗಿ ಐಟಿಪಿ ಪತ್ತೆಯಾದ ದೊಡ್ಡವರಲ್ಲಿ ಪ್ಲೇಟ್‌ಲೆಟ್ 30 ಸಾವಿರಕ್ಕಿಂತ ಕೆಳಗಿದ್ದರೆ ಸ್ಟಿರಾಯ್ಡ್ ಕೊಡಬಹುದು. ಅದಕ್ಕಿಂತ ಮೇಲಿದ್ದು, ರಕ್ತಸ್ರಾವ ಇಲ್ಲದಿದ್ದರೆ ಅಥವಾ ಸಣ್ಣ ಚುಕ್ಕೆಗಳಷ್ಟೇ ಇದ್ದರೆ, ಸುಮ್ನೆ ಗಮನಿಸುತ್ತಿದ್ದರೆ ಸಾಕು. ವಯಸ್ಸಾದವರು, ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು, ಆಪರೇಷನ್ ಆಗಬೇಕಿರುವವರು ಬಂದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ.

ಮಕ್ಕಳ ವಿಷಯದಲ್ಲಿ ಅಪ್ಪ ಅಮ್ಮನಿಗೆ ಒಪ್ಪಿಕೊಳ್ಳಲು ಕಷ್ಟವಾಗುವ ಮಾತೊಂದಿದೆ. ನೆಗಡಿ ಜ್ವರ ಬಂದುಹೋದ ಎರಡು ಮೂರು ವಾರಕ್ಕೆ ಮಗುವಿನ ಮೈತುಂಬಾ ಚುಕ್ಕೆ ಎದ್ದು, ಸಂಖ್ಯೆ 10 ಸಾವಿರಕ್ಕೆ ಇಳಿದಿದ್ದರೂ, ರಕ್ತ ಹೋಗದೆ ಮಗು ಆಡಿಕೊಂಡಿದ್ದರೆ ಔಷಧವಿಲ್ಲದೆ ಕಾಯುವುದೇ ಒಳ್ಳೆಯದು ಎನ್ನುತ್ತದೆ ಆ ಮಾರ್ಗಸೂಚಿ. ಯಾಕೆಂದರೆ ಹೆಚ್ಚಿನ ಮಕ್ಕಳಲ್ಲಿ ಐಟಿಪಿ ಕೆಲವು ತಿಂಗಳಲ್ಲಿ ತಾನಾಗಿಯೇ ಹೋಗುತ್ತದೆ. ಕಾಯುವುದು ಎಂದರೆ ಕೈಕಟ್ಟಿ ಕೂರುವುದಲ್ಲ. ಮತ್ತೆ ಮತ್ತೆ ತೋರಿಸಬೇಕು, ತಲೆಗೆ ಪೆಟ್ಟಾಗದಂತೆ ನೋಡಿಕೊಳ್ಳಬೇಕು, ಬ್ರೂಫೆನ್, ಆಸ್ಪಿರಿನ್‌ನಂಥ ಗುಳಿಗೆ ಕೊಡಬಾರದು. ಮೂಗಿನಿಂದ, ಬಾಯಿಂದ ರಕ್ತ ನಿಲ್ಲದಿದ್ದರೆ ಮಾತು ಬೇರೆ. ಆಗ ಮಕ್ಕಳಿಗೂ ಕೆಲವೇ ದಿನಗಳ ಸ್ಟಿರಾಯ್ಡ್ ಕೊಡುತ್ತಾರೆ, ಬೇಕಾದರೆ ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಔಷಧವಾದ ಇಮ್ಯುನೊಗ್ಲಾಬ್ಯುಲಿನ್ ಹಾಕುತ್ತಾರೆ.

ಡೆಂಗಿಯಲ್ಲಿ ಯಾಕೆ ಬೇಡ?

ಡೆಂಗಿ ವೈರಸ್ ಮಜ್ಜೆಯ ಕೆಲಸವನ್ನು ಕೆಲವು ದಿನ ಕುಂದಿಸುತ್ತದೆ. ಅದರ ಜೊತೆಗೆ ರಕ್ತದಲ್ಲಿರುವ ಪ್ಲೇಟ್‌ಲೆಟ್‌ಗಳೂ ಬೇಗ ನಾಶವಾಗುತ್ತವೆ. ಜ್ವರದ ಮೂರನೇ ದಿನದಿಂದ ಏಳನೇ ದಿನದ ನಡುವೆ ಸಂಖ್ಯೆ ಇಳಿಯುತ್ತದೆ, ವೈರಸ್ ಹೋಗುತ್ತಿದ್ದಂತೆ ತಾನಾಗಿಯೇ ಏರುತ್ತದೆ.

ಗೊಂದಲದ ಬೇರು ಇಲ್ಲೇ ಇದೆ. ಸಂಖ್ಯೆ ಇಳಿಯುತ್ತಿರುವಾಗ ಮನೆಯವರು ಹೆದರಿ ಏನೇನೋ ಕೊಡುತ್ತಾರೆ. ಪಪ್ಪಾಯ ಎಲೆ ರಸ, ಕಿವಿ ಹಣ್ಣು, ಆಡಿನ ಹಾಲು, ಯಾರೋ ಹೇಳಿದ ಇಂಜೆಕ್ಷನ್. ಎರಡು ದಿನದಲ್ಲಿ ಸಂಖ್ಯೆ ಏರುತ್ತದೆ. ಏನೂ ಕೊಡದಿದ್ದರೂ ಏರುತ್ತಿತ್ತು. ಆದರೆ ಕೊನೆಗೆ ಕೊಟ್ಟದ್ದಕ್ಕೆ ಹೆಸರು ಬರುತ್ತದೆ. ಸ್ಟಿರಾಯ್ಡ್‌ಗೂ ಡೆಂಗಿಯಲ್ಲಿ ಹೆಸರು ಬಂದದ್ದು ಹೀಗೆಯೇ. ಇದನ್ನು ಬಿಡಿಸಿ ನೋಡಬೇಕೆಂದರೆ ಒಂದು ಗುಂಪಿಗೆ ಕೊಟ್ಟು, ಇನ್ನೊಂದು ಗುಂಪಿಗೆ ಕೊಡದೆ ಹೋಲಿಸಬೇಕು. ಹಾಗೆ ಹೋಲಿಸಿದ್ದಾರೆ. ಶ್ರೀಲಂಕಾದಲ್ಲಿ ಕಡಿಮೆ ಪ್ರಮಾಣದ ಡೆಕ್ಸಾ ಕೊಟ್ಟು ನೋಡಿದರು, ಪ್ಲೇಟ್‌ಲೆಟ್ ಬೇಗ ಏರಲಿಲ್ಲ. ವಿಯೆಟ್ನಾಂನಲ್ಲಿ ಜ್ವರದ ಆರಂಭದಲ್ಲೇ ಪ್ರೆಡ್ನಿಸೋಲೋನ್ ಕೊಟ್ಟ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಅಲ್ಲೂ ಲಾಭ ಕಾಣಲಿಲ್ಲ. ನಮ್ಮ ಮೈಸೂರಿನ ವೈದ್ಯರು ಹೆಚ್ಚಿನ ಪ್ರಮಾಣ ಕೊಟ್ಟು ನೋಡಿ 2013ರಲ್ಲಿ ಬರೆದದ್ದೂ ಇದನ್ನೇ.

ಲಾಭ ಇಲ್ಲದಿದ್ದರೆ ಹೋಗಲಿ, ನಷ್ಟ ಏನು ಎಂದು ಕೇಳಬಹುದು. ಡೆಂಗಿಯಲ್ಲಿ ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ಪ್ಲೇಟ್‌ಲೆಟ್ ಕೊರತೆಯಲ್ಲ. ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರಿ ಬಿ.ಪಿ ಕುಸಿಯುವುದು ನಿಜವಾದ ಅಪಾಯ. ಅದು ನಡೆಯುವುದು ಜ್ವರ ಇಳಿಯುವ ಹೊತ್ತಿನಲ್ಲಿ, ಒಂದೆರಡು ದಿನಗಳ ಅವಧಿಯಲ್ಲಿ. ಸ್ಟಿರಾಯ್ಡ್ ಕೊಟ್ಟರೆ ಜ್ವರ ಬೇಗ ಇಳಿದು ರೋಗಿ ಎದ್ದು ಕೂರಬಹುದು. ಮನೆಯವರು ಗುಣವಾಯಿತು ಎಂದು ಊರಿಗೆ ಕರೆದೊಯ್ಯುತ್ತಾರೆ. ಅಪಾಯದ ಗಂಟೆಗಳು ಆಳಂದ, ಸುರಪುರ, ಔರಾದದ ಹಳ್ಳಿಯೊಂದರಲ್ಲಿ, ದವಾಖಾನೆಯಿಂದ ದೂರ, ಕಳೆದುಹೋಗುತ್ತವೆ. ಇದರ ಮೇಲೆ ಶುಗರ್ ಏರುತ್ತದೆ, ಹೊಟ್ಟೆಯಲ್ಲಿ ರಕ್ತಸ್ರಾವದ ಭಯ ಹೆಚ್ಚುತ್ತದೆ, ಬೇರೆ ಸೋಂಕಿಗೆ ದಾರಿಯಾಗುತ್ತದೆ. ಬಿಳಿ ರಕ್ತಕಣದ ಸಂಖ್ಯೆಯನ್ನೂ ಸ್ಟಿರಾಯ್ಡ್ ಏರಿಸುವುದರಿಂದ ಮರುದಿನದ ರಿಪೋರ್ಟ್ ಓದುವುದೂ ಕಷ್ಟವಾಗುತ್ತದೆ.

ಹಾಗಾಗಿ ಡೆಂಗಿ ವಾರ್ಡಿನಲ್ಲಿ ಪ್ಲೇಟ್‌ಲೆಟ್ ಸಾಲಿನ ಜೊತೆ ಎಚ್‌ಸಿಟಿ ಅಥವಾ ಪಿಸಿವಿ ಎಂದು ಬರೆದಿರುವ ಸಾಲನ್ನೂ ನೋಡಬೇಕು. ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಎಂಬ ಲೆಕ್ಕ ಅದು. ಪ್ಲೇಟ್‌ಲೆಟ್ ಸರ್ರನೆ ಇಳಿಯುತ್ತಾ ಪಿಸಿವಿ ಏರುತ್ತಿದ್ದರೆ ನೀರಿನಂಶ ಸೋರುತ್ತಿದೆ ಎಂದರ್ಥ. ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನ ರಕ್ತ, ಮಂಕು ಬಡಿದಂತೆ ಆಗುವುದು, ಇವೆಲ್ಲ ಎಚ್ಚರಿಕೆಯ ಗಂಟೆ. ಇದಕ್ಕೆ ಮದ್ದು ಅಳತೆ ಮಾಡಿ ಕೊಡುವ ಸಲೈನ್ ಮತ್ತು ಗಂಟೆಗಂಟೆಗೆ ನಿಗಾ.

ಪ್ಲೇಟ್‌ಲೆಟ್ ಚೀಲದ ಕಥೆಯೂ ಹೆಚ್ಚುಕಡಿಮೆ ಇದೇ. ಸಿಂಗಪುರ ಮತ್ತು ಮಲೇಷ್ಯಾದಲ್ಲಿ 20 ಸಾವಿರಕ್ಕೆ ಇಳಿದ, ಆದರೆ ರಕ್ತಸ್ರಾವವಿಲ್ಲದ ಡೆಂಗಿ ರೋಗಿಗಳ ಮೇಲೆ ನಡೆದ ಅಧ್ಯಯನ 2017ರಲ್ಲಿ ಬಂತು. ಚೀಲ ಏರಿಸಿದವರಲ್ಲಿ ರಕ್ತಸ್ರಾವ ಕಡಿಮೆಯಾಗಲಿಲ್ಲ, ಅಡ್ಡಪರಿಣಾಮ ಮಾತ್ರ ಜಾಸ್ತಿಯಾಯಿತು. ಒಂದು ಚೀಲಕ್ಕಾಗಿ ರಾತ್ರೋರಾತ್ರಿ ಯಾದಗಿರಿಯಿಂದ ಕಲಬುರಗಿಗೆ, ಬೀದರ್‌ನಿಂದ ಹೈದರಾಬಾದ್‌ಗೆ ಓಡುವ ಮನೆಯವರಿಗೆ ಈ ವಿಷಯವನ್ನು ಯಾರಾದರೂ ಕೂರಿಸಿ ಹೇಳಬೇಕು. ಜೋರಾಗಿ ರಕ್ತ ಹೋಗುತ್ತಿದ್ದರೆ ಚೀಲ ಬೇಕಾಗಬಹುದು, ಅದು ಬೇರೆ ಮಾತು.

ಸ್ಟಿರಾಯ್ಡ್ ಪರವಾಗಿರುವ ಮಾತು

ಡೆಂಗಿಯಲ್ಲಿ ಸ್ಟಿರಾಯ್ಡ್ ಕೊಡುವ ಡಾಕ್ಟರರ ವಾದ ಬುಡವಿಲ್ಲದ್ದೇನಲ್ಲ. ಡೆಂಗಿಯಲ್ಲೂ ಪ್ಲೇಟ್‌ಲೆಟ್ ವಿರುದ್ಧ ಪ್ರತಿಕಾಯಗಳು ಕಾಣಿಸಿಕೊಳ್ಳುತ್ತವೆ. ಐಟಿಪಿಯಲ್ಲಿ ಕೆಲಸ ಮಾಡಿದ್ದು ಇಲ್ಲೂ ಮಾಡಬೇಕಲ್ಲ ಎಂಬುದು ಅವರ ಪ್ರಶ್ನೆ. ಅಧ್ಯಯನಗಳು ಚಿಕ್ಕವು ಎಂದೂ ಹೇಳುತ್ತಾರೆ. ಅದು ನಿಜ. ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸೂ ಷರತ್ತಿನದ್ದೇ, ಅಂದರೆ ಪುರಾವೆ ಅಷ್ಟು ಗಟ್ಟಿಯಿಲ್ಲ ಎಂದು ಆ ಸಂಸ್ಥೆಯೂ ಒಪ್ಪುತ್ತದೆ.

ಆದರೆ ಪುರಾವೆ ಕಡಿಮೆ ಇದ್ದಾಗ ಯಾವ ಕಡೆ ವಾಲಬೇಕು? ತಾನಾಗಿಯೇ ಏರುವ ಸಂಖ್ಯೆಗಾಗಿ, ಲಾಭ ತೋರಿಸದ, ನಷ್ಟ ಮಾಡಬಲ್ಲ ಔಷಧವನ್ನು ಸಾವಿರಾರು ಜನಕ್ಕೆ ಕೊಡುವುದು ಸರಿಯಲ್ಲ ಎಂದೇ ನನಗೆ ಅನ್ನಿಸುತ್ತದೆ. ಕೆಲವು ಸಂದರ್ಭ ಬೇರೆ. ಡೆಂಗಿ ಹೋಗಿ ವಾರಗಳಾದರೂ ಪ್ಲೇಟ್‌ಲೆಟ್ ಏರದಿದ್ದರೆ ಡೆಂಗಿಯೇ ಐಟಿಪಿಯನ್ನು ಹುಟ್ಟುಹಾಕಿರಬಹುದು. ಅಪರೂಪಕ್ಕೆ ರೋಗನಿರೋಧಕ ಶಕ್ತಿ ಹದ್ದುಮೀರಿ ಮಜ್ಜೆ, ಲಿವರ್‌ಗಳ ಮೇಲೆಯೇ ದಾಳಿ ಮಾಡುವ ಸ್ಥಿತಿ ಬರುತ್ತದೆ. ಅಲ್ಲೆಲ್ಲ ತಜ್ಞರು ಸ್ಟಿರಾಯ್ಡ್ ಬಳಸುತ್ತಾರೆ. ಅದು ಆ ಹೊಸ ಕಾಯಿಲೆಗೆ ಕೊಡುವ ಔಷಧ.

ಕಾರಣ ತಿಳಿಯುವ ಮೊದಲೇ ಕೊಟ್ಟರೆ

ಪ್ಲೇಟ್‌ಲೆಟ್ ಜೊತೆ ಹಿಮೊಗ್ಲೋಬಿನ್ನೂ ಇಳಿದಿದ್ದರೆ, ಬಿಳಿ ಕಣಗಳ ಲೆಕ್ಕ ತಪ್ಪಿದ್ದರೆ, ಕುತ್ತಿಗೆಯಲ್ಲಿ ಗಂಟು, ಎಲುಬು ನೋವು, ದೊಡ್ಡದಾದ ಗುಲ್ಮ ಇದ್ದರೆ ಅದನ್ನು ಐಟಿಪಿ ಎಂದು ತೀರ್ಮಾನಿಸಲು ಆಗುವುದಿಲ್ಲ. ಮಕ್ಕಳಲ್ಲಿ ಹೆಚ್ಚು ಕಾಣುವ ಒಂದು ಬಗೆಯ ರಕ್ತದ ಕ್ಯಾನ್ಸರ್‌ನ ಕೋಶಗಳು ಸ್ಟಿರಾಯ್ಡ್‌ಗೆ ತಾತ್ಕಾಲಿಕವಾಗಿ ಕರಗುತ್ತವೆ. ಆ ಕಾಯಿಲೆಯ ನಿಜವಾದ ಚಿಕಿತ್ಸೆಯಲ್ಲೂ ಸ್ಟಿರಾಯ್ಡ್ ಇದೆ, ಬೇರೆ ಔಷಧಗಳ ಜೊತೆಗೆ. ಪರೀಕ್ಷೆ ಮಾಡದೆ ಸ್ಟಿರಾಯ್ಡ್ ಒಂದನ್ನೇ ಕೊಟ್ಟರೆ ಮಗು ಕೆಲವು ವಾರ ಚೆನ್ನಾಗಿ ಕಾಣುತ್ತದೆ. ಆಮೇಲೆ ಮಜ್ಜೆ ಪರೀಕ್ಷೆ ಮಾಡಿದರೂ ಉತ್ತರ ಸ್ಪಷ್ಟವಾಗಿ ಸಿಗದೆ ಹೋಗಬಹುದು. ಕಾಯಿಲೆ ಮರಳಿ ಬರುವಷ್ಟರಲ್ಲಿ ಅಮೂಲ್ಯ ಸಮಯ ಹೋಗಿರುತ್ತದೆ.

ಬಿ12 ಕೊರತೆಯಂಥ ಸುಲಭದ ಕಾರಣವೂ ಹೀಗೆ ಕೈತಪ್ಪುತ್ತದೆ. ಅದಕ್ಕೆ ಬೇಕಾದ್ದು ಬಿ12 ಇಂಜೆಕ್ಷನ್, ಸ್ಟಿರಾಯ್ಡ್ ಅಲ್ಲ. ಪೂರ್ತಿ ರಕ್ತಪರೀಕ್ಷೆ, ಗಾಜಿನ ಮೇಲಿನ ಸ್ಮಿಯರ್, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ, ಇಷ್ಟಕ್ಕೆ ದೂರದ ಊರಿಗೆ ಓಡಬೇಕಿಲ್ಲ. ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ನಂಥ ಸರ್ಕಾರಿ ಬೋಧನಾ ಆಸ್ಪತ್ರೆಗಳಲ್ಲಿ ತೋರಿಸಬಹುದು.

ಗುಳಿಗೆ ಶುರುವಾದ ಮೇಲೆ

ಐಟಿಪಿ ಖಚಿತವಾಗಿ ಸ್ಟಿರಾಯ್ಡ್ ಶುರುವಾಯಿತು ಎಂದುಕೊಳ್ಳೋಣ. ಹೆಚ್ಚಿನವರಲ್ಲಿ ಮೊದಲ ವಾರಗಳಲ್ಲೇ ಸಂಖ್ಯೆ ಏರುತ್ತದೆ. ಆದರೆ ಗುಳಿಗೆ ಇಳಿಸುತ್ತಾ ಬಂದಂತೆ ದೊಡ್ಡವರಲ್ಲಿ ಅನೇಕರಿಗೆ ಮತ್ತೆ ಇಳಿಯುತ್ತದೆ. ಆಗ ರೋಗಿಗೂ ಡಾಕ್ಟರಿಗೂ ಬರುವ ಆಸೆ ಒಂದೇ, ಇನ್ನೊಂದು ತಿಂಗಳು ಮುಂದುವರಿಸೋಣ ಎಂದು. ಅಮೆರಿಕದ ಆ ಮಾರ್ಗಸೂಚಿ ಬೇಡ ಎನ್ನುವುದು ಇದನ್ನೇ. ಕೊಡುವುದು, ಇಳಿಸುವುದು ಎಲ್ಲ ಸೇರಿ ಆರು ವಾರದೊಳಗೆ ಮುಗಿಯಬೇಕು ಎಂಬುದು ಅದರ ಸಲಹೆ. ಅಷ್ಟರಲ್ಲಿ ಸಂಖ್ಯೆ ಏರಿ ನಿಲ್ಲದಿದ್ದರೆ ಮಜ್ಜೆಗೆ ಪ್ಲೇಟ್‌ಲೆಟ್ ತಯಾರಿಸಲು ಚುರುಕು ಕೊಡುವ ಎಲ್ಟ್ರಾಂಬೋಪ್ಯಾಗ್, ರೊಮಿಪ್ಲೋಸ್ಟಿಮ್, ಇಲ್ಲವೇ ಪ್ರತಿಕಾಯದ ಉತ್ಪಾದನೆ ತಗ್ಗಿಸುವ ರಿಟುಕ್ಸಿಮ್ಯಾಬ್, ಕೊನೆಗೆ ಗುಲ್ಮ ತೆಗೆಯುವ ಆಪರೇಷನ್, ಹೀಗೆ ಬೇರೆ ದಾರಿಗಳಿವೆ.

ಆರು ವಾರದ ಗಡಿ ಯಾಕೆಂದರೆ ಸ್ಟಿರಾಯ್ಡ್‌ನ ಬೆಲೆಯನ್ನು ಮೈ ನಿಧಾನವಾಗಿ ತೆರುತ್ತದೆ. ಮೊದಲು ನಿದ್ದೆ ಕೆಡುತ್ತದೆ, ಹಸಿವು ಹೆಚ್ಚುತ್ತದೆ, ಮುಖ ಊದುತ್ತದೆ. ಶುಗರ್, ಬಿ.ಪಿ ಏರುತ್ತವೆ. ತಿಂಗಳುಗಳಾದರೆ ಎಲುಬು ಸವೆಯುತ್ತದೆ, ಕಣ್ಣಿಗೆ ಪೊರೆ ಬರಬಹುದು. ಅಡಗಿ ಕುಳಿತ ಟಿಬಿ, ಹೆಪಟೈಟಿಸ್ ಬಿ ಮತ್ತೆ ತಲೆಯೆತ್ತಬಹುದು.

ಈ ಭಾಗದ ಜನಕ್ಕೆ ಇನ್ನೊಂದು ಕಷ್ಟ ಇದೆ. ಚಿಕಿತ್ಸೆ ಶುರುವಾಗುವುದು ಹೈದರಾಬಾದ್‌ನಲ್ಲೋ ಸೊಲ್ಲಾಪುರದಲ್ಲೋ. ಚೀಟಿಯಲ್ಲಿ ಈ ವಾರ ಮೂರು ಗುಳಿಗೆ, ಮುಂದಿನ ವಾರ ಎರಡೂವರೆ, ಆಮೇಲೆ ಎರಡು ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ, ವಿವರಿಸಿದ್ದು ತೆಲುಗಿನಲ್ಲೋ ಮರಾಠಿಯಲ್ಲೋ ಆಗಿರುತ್ತದೆ. ರೋಗಿ ಊರಿಗೆ ಬರುತ್ತಾನೆ, ಅಲ್ಲಿಂದ ಗುಳೆ ಹೋಗಿ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಕಟ್ಟಡದ ಕೆಲಸಕ್ಕೆ ನಿಲ್ಲುತ್ತಾನೆ. ಗುಳಿಗೆ ಮುಗಿದುಹೋಗುತ್ತದೆ, ಹಾಗೇ ಬಿಟ್ಟುಬಿಡುತ್ತಾನೆ. ವಾರಗಟ್ಟಲೆ ಹೊರಗಿನಿಂದ ಸ್ಟಿರಾಯ್ಡ್ ಸಿಕ್ಕ ದೇಹ ತನ್ನದೇ ಸ್ಟಿರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ವಾಂತಿ, ವಿಪರೀತ ಸುಸ್ತು, ಬಿ.ಪಿ ಕುಸಿತ. ಇದು ಪ್ರಾಣಕ್ಕೇ ಬರಬಹುದು. ಇನ್ನು ಕೆಲವರು ಇದಕ್ಕೆ ತದ್ವಿರುದ್ಧ. ಹಳೇ ಚೀಟಿ ತೋರಿಸಿ ಅಂಗಡಿಯಲ್ಲಿ ತಿಂಗಳುಗಟ್ಟಲೆ ಅದೇ ಗುಳಿಗೆ ತರುತ್ತಾರೆ. ಎರಡನ್ನೂ ತಪ್ಪಿಸಲು ಚೀಟಿಯ ಲೆಕ್ಕವನ್ನು ಊರಿನ ಸರ್ಕಾರಿ ಡಾಕ್ಟರ ಹತ್ತಿರ ಕನ್ನಡದಲ್ಲಿ, ತಾರೀಖಿನ ಸಮೇತ ಬರೆಸಿಕೊಳ್ಳುವುದು ಒಳ್ಳೆಯದು.

ಸ್ಟಿರಾಯ್ಡ್ ಮೇಲಿರುವವರಿಗೇ ಡೆಂಗಿ ಬಂದರೆ

ಎರಡೂ ಸಲಹೆಗಳು ಎದುರುಬದುರಾಗುವುದು ಇಲ್ಲಿ. ಐಟಿಪಿಗೆ ಗುಳಿಗೆ ನುಂಗುತ್ತಿರುವವರಿಗೆ ಡೆಂಗಿ ಬಂದಾಗ, ಡೆಂಗಿಯಲ್ಲಿ ಸ್ಟಿರಾಯ್ಡ್ ಬೇಡ ಎಂದು ಎಲ್ಲೋ ಓದಿ ತಾವೇ ನಿಲ್ಲಿಸಿಬಿಡುವ ಅಪಾಯ ಇದೆ. ಹಾಗೆ ಮಾಡಬಾರದು. ಮೇಲೆ ಹೇಳಿದಂತೆ ದೇಹ ಆ ಗುಳಿಗೆಯ ಮೇಲೆಯೇ ನಿಂತಿರುತ್ತದೆ. ಜ್ವರ, ವಾಂತಿಯ ಹೊತ್ತಿನಲ್ಲಿ ಅದರ ಅಗತ್ಯ ಇನ್ನೂ ಜಾಸ್ತಿ. ವಾಂತಿಯಿಂದ ಗುಳಿಗೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಇಂಜೆಕ್ಷನ್ ಮೂಲಕ ಕೊಡಬೇಕಾಗುತ್ತದೆ. ಇಂಥವರನ್ನು ಮನೆಯಲ್ಲಿ ಇಟ್ಟುಕೊಂಡು ನೋಡುವುದಕ್ಕಿಂತ ಮೊದಲ ದಿನವೇ ದವಾಖಾನೆಗೆ ಕರೆದೊಯ್ಯುವುದು ಲೇಸು. ಸಂಖ್ಯೆ ಎಷ್ಟು ಎಂದು ಕೇಳುವ ಮೊದಲು ಡ್ಯೂಟಿ ಡಾಕ್ಟರಿಗೆ ಮೂರು ವಿಷಯ ಹೇಳಬೇಕು: ಸ್ಟಿರಾಯ್ಡ್ ಯಾವುದು, ದಿನಕ್ಕೆ ಎಷ್ಟು, ಎಷ್ಟು ವಾರದಿಂದ ನಡೆಯುತ್ತಿದೆ. ಚೀಟಿ ಇಲ್ಲದಿದ್ದರೆ ಗುಳಿಗೆಯ ಖಾಲಿ ಪಟ್ಟಿಯಾದರೂ ಜೊತೆಗಿರಲಿ.